ಗುರುಮಲ್ಲಮ್ಮನ ಅರ್ಜಿ ಆಹ್ವಾನ

ಕಿಟಕಿಯ ಕಬ್ಬಿಣದ ಸರಳಿಗೆ ಸ್ಟೀಲ್ ಸ್ಕೇಲಿನಿಂದ ಬಡಿದರೆ ಬರುವ ಸದ್ದನ್ನು ನೀವು ಕೇಳಿದ್ದೀರೋ ಇಲ್ಲವೋ ಗೊತ್ತಿಲ್ಲ. ದೇವಸ್ಥಾನದ ಗಂಟೆಯ ಗಾಂಭೀರ್ಯ ಅದಕ್ಕಿಲ್ಲ, ಸ್ಕೂಲ್ ಬೆಲ್ಲಿನ ದರ್ಪವೂ ಇಲ್ಲ. ಟಣ ಟಣ ಎಂದು ಹಲ್ಲಿನ ಬುಡಕ್ಕೆ ತಾಗುವಂಥ ತೆಳ್ಳನೆಯ ಸದ್ದು. ಆಮೇಲೊಂದು ಕೆಮ್ಮು. ಆಮೇಲೆ ಬೀದಿಯ ಆ ತುದಿಯವರೆಗೂ ಹೋಗಿ ಮುಟ್ಟುವ ಹೆಂಗಸಿನ ಕಂಠ: "ಅರ್ಜಿ ಆಹ್ವಾನಿಸಲಾಗಿದೆ."

ಇವತ್ತು ಬೆಳಿಗ್ಗೆ ಗುಂಡ್ಲುಪೇಟೆಯ ಈ ಮನೆಯಲ್ಲಿ ನಾನು, ನನ್ನ ನಾದಿನಿ ಕಾಫಿ ಕುಡಿಯುತ್ತಾ ಕೂತಿದ್ದಾಗ ನನ್ನ ಮೊಬೈಲು ಟಿಣ್ ಎಂದಿತು. ಯಾರೋ ಫಾರ್ವರ್ಡ್ ಮಾಡಿದ ಮೆಸೇಜು. ಸಾರ್ವಜನಿಕ ಗ್ರಂಥಾಲಯಗಳಿಗೆ ಸಹಾಯಧನ, ಆಸಕ್ತರು ಅರ್ಜಿ ಸಲ್ಲಿಸಬಹುದು. ಓದಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗಿತ್ತು. ನಾದಿನಿ, "ಏನತ್ತಿಗೆ, ಯಾರಾದರೂ ಹೋಗಿಬಿಟ್ಟರಾ?" ಎಂದು ಕೇಳಿದಳು. ನಮ್ಮ ವಯಸ್ಸಿನವರ ಫೋನಿಗೆ ಬರುವ ಸುದ್ದಿ ಸಾಮಾನ್ಯವಾಗಿ ಅದೇ ಅಲ್ಲವೇ.

ನಾನು ಸೊಸೆಯಾಗಿ ಹೋದ ಊರು ಬೇಗೂರಿನಿಂದ ಒಳಕ್ಕೆ, ಬಸ್ಸು ಮನಸ್ಸು ಮಾಡಿದರೆ ಬರುವ ಊರು. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಎಷ್ಟೋ ವರ್ಷ ಗುಂಡ್ಲುಪೇಟೆಯಲ್ಲಿ ಇಂಗ್ಲಿಷ್ ಕಲಿಸಿ, ರಿಟೈರ್ ಆಗಿ, ಇನ್ನು ಶಾಂತವಾಗಿ ಓದಿಕೊಂಡಿರೋಣ ಎಂದು ಆ ಊರಿನ ಮನೆಯಲ್ಲಿ ಕೂತರೆ, ಎದುರಿಗೇ ಪಂಚಾಯಿತಿ ಲೈಬ್ರರಿ. ಹೆಂಚಿನ ಒಂದೇ ಕೋಣೆ. ಬೀದಿಗೆ ಒಂದು ಕಿಟಕಿ. ಆ ಕಿಟಕಿಯಲ್ಲಿ ಲೈಬ್ರರಿಯ ಮೇಲ್ವಿಚಾರಕಿ ಗುರುಮಲ್ಲಮ್ಮ.

ಆಕೆಯನ್ನು ಸಾಧುಪ್ರಾಣಿ ಎಂದುಕೊಂಡುಬಿಟ್ಟೀರಿ, ಅದಕ್ಕೇ ಮೊದಲೇ ಹೇಳುತ್ತೇನೆ. ಕುತ್ತಿಗೆಯವರೆಗೂ ಪೌಡರು, ತಲೆ ತುಂಬ ಕನಕಾಂಬರ, ಬಾಯಿ ತುಂಬ ಬೈಗುಳ. ಊರಿನವರೆಲ್ಲ ತನ್ನನ್ನು ಮೇಡಂ ಅನ್ನಬೇಕು. ಅನ್ನದವರಿಗೆ ಪೇಪರಿನ ಸಿನಿಮಾ ಪುಟ ಸಿಗುತ್ತಿರಲಿಲ್ಲ. ನನ್ನನ್ನು ಮಾತ್ರ ಮಿಸ್ ಎನ್ನುತ್ತಿದ್ದಳು, ಅದೂ ಸ್ವಲ್ಪ ಅಣಕಿಸುವ ಹಾಗೆ.

ನನಗೆ ಗೊತ್ತಿದ್ದ ಲೈಬ್ರರಿ ಬೇರೆ. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟರೆ ಸಾಕು, ನಮ್ಮ ಉಸಿರೂ ತುದಿಗಾಲಲ್ಲಿ ನಡೆಯುತ್ತಿತ್ತು. ಇಲ್ಲಿ ನೋಡಿದರೆ ಜಗಲಿಯ ಮೇಲೆ ಹೆಂಗಸರು ಅವರೆಕಾಯಿ ಸುಲಿಯುತ್ತಾ ಕೂತಿರುತ್ತಾರೆ, ಮೇಲ್ವಿಚಾರಕಿಯೇ ಕಿಟಕಿಯಲ್ಲಿ ನಿಂತು ಅವರಿಗೆ ಪೇಪರನ್ನು ಕೂಗಿ ಓದುತ್ತಾಳೆ. ಒಂದು ದಿನ ತಡೆಯಲಾರದೆ ಹೋಗಿ, ಲೈಬ್ರರಿ ಎಂದರೆ ಸೈಲೆನ್ಸ್ ಇರಬೇಕಲ್ಲವೇ ಎಂದು ನಯವಾಗಿ ಕೇಳಿದೆ. ಅವಳು ಕನ್ನಡಕದ ಮೇಲಿನಿಂದ ನೋಡಿದಳು. "ನಿಮ್ಮ ಕಾನ್ವೆಂಟಲ್ಲಿ ಎಲ್ರಿಗೂವೆ ಓದಕ್ಕೆ ಬತ್ತಿತ್ತಲ್ವ ಮಿಸ್. ಅದ್ಕೇ ಸುಮ್ಗಿದ್ರು."

ನಾನು ಬಂದ ದಾರಿಯಲ್ಲೇ ರಸ್ತೆ ದಾಟಿ ಮನೆಗೆ ಹೋದೆ.

ಅವಳು ಓದುತ್ತಿದ್ದದ್ದು ರಾಜಕೀಯವಲ್ಲ, ಕೊಲೆ ಸುಲಿಗೆಯೂ ಅಲ್ಲ. ಪೇಪರಿನ ಒಳಪುಟದ ಮೂಲೆಯಲ್ಲಿ ಇರುವೆಸಾಲಿನಂತೆ ಅಚ್ಚಾಗಿರುತ್ತದಲ್ಲ, ನೀವೂ ನಾನೂ ಎಂದೂ ಓದದ ಜಾಗ, ಅದು. ಹೊಲಿಗೆ ಯಂತ್ರಕ್ಕೆ ಅರ್ಜಿ, ಹೆಣ್ಣುಮಕ್ಕಳ ಸ್ಕಾಲರ್‌ಶಿಪ್ಪು, ಹನಿ ನೀರಾವರಿ ಪೈಪಿಗೆ ಸಬ್ಸಿಡಿ, ಚಾಮರಾಜನಗರದಲ್ಲಿ ನರ್ಸಿಂಗ್ ಟ್ರೈನಿಂಗು. ಓದಿ ಬಿಟ್ಟರೂ ಆಗುತ್ತಿತ್ತು. ಇಲ್ಲ, ಯಾವುದು ಯಾರಿಗೆ ಎಂದು ಅವಳೇ ತೀರ್ಮಾನಿಸಿ, ಹೆಸರು ಹಿಡಿದು ಕೂಗಿ, ಅವರು ಅರ್ಜಿ ಹಾಕುವವರೆಗೂ ಬೆನ್ನು ಬಿಡುತ್ತಿರಲಿಲ್ಲ. ಒಬ್ಬ ಅಪ್ಪ ಮಗಳನ್ನು ನರ್ಸಿಂಗಿಗೆ ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದ. ಅವನು ಸಂತೆಮರಹಳ್ಳಿ ಸಂತೆಗೆ ಹೊರಟರೆ ಇವಳೂ ಅದೇ ಬಸ್ಸು ಹತ್ತಿ, ಪಕ್ಕದ ಸೀಟಿನಲ್ಲಿ ಕೂತು, ಇಡೀ ಬಸ್ಸಿಗೆ ಕೇಳುವಂತೆ ಆ ಜಾಹೀರಾತನ್ನು ಓದಿದಳಂತೆ. ಸಂತೆಯಿಂದ ವಾಪಸ್ಸು ಬರುವಾಗ ಅವನು ಸೈನು ಹಾಕಿಯೇ ಬಂದ. ಆ ಹುಡುಗಿ ಈಗ ನನ್ನ ಬಿ.ಪಿ. ನೋಡುತ್ತಾಳೆ. ಎಲ್ಲವೂ ಹೀಗೆ ಫಲಿಸಿತು ಅನ್ನಬೇಡಿ. ಅವಳು ಬಲವಂತವಾಗಿ ಜೇನು ಪೆಟ್ಟಿಗೆ ಕೊಡಿಸಿದ ಮಾದಪ್ಪನನ್ನು ಜೇನುಗಳು ಮುಖ ಊದುವಂತೆ ಕಚ್ಚಿ, ಬಂಡೀಪುರದ ಕಡೆಗೆ ಹಾರಿಹೋದವು. ಅವನು ಬಹಳ ದಿನ ಲೈಬ್ರರಿಯ ಬೀದಿಯನ್ನೇ ತುಳಿಯಲಿಲ್ಲ.

ಹೀಗೆ ಊರಿಗೆಲ್ಲ ಅರ್ಜಿ ಹಾಕಿಸುವವಳ ತಲೆಯ ಮೇಲಿನ ಸೂರೇ ಕುಸಿಯುತ್ತಿತ್ತು. ಜಂತೆಗೆಲ್ಲ ಗೆದ್ದಲು. ಎಂಜಿನಿಯರ್ ಬಂದು ನೋಡಿ, ಮಳೆಗಾಲದೊಳಗೆ ಸೂರು ಬದಲಿಸದಿದ್ದರೆ ಕೋಣೆಗೆ ಬೀಗ ಹಾಕಬೇಕು ಎಂದು ಹೇಳಿ ಹೋದರು. ಬೀಗ ಬಿದ್ದರೆ ಲೈಬ್ರರಿಯನ್ನು ಬೇರೆ ಊರಿನದಕ್ಕೆ ಸೇರಿಸಿಬಿಡುತ್ತಾರೆ. ಅವರೆಕಾಯಿ ಸುಲಿಯುವವರು ಬಸ್ಸು ಹತ್ತಿಕೊಂಡು ಪೇಪರು ಕೇಳಲು ಹೋಗುತ್ತಾರೆಯೇ? ಗುರುಮಲ್ಲಮ್ಮ ಆ ವಾರ ಯಾರನ್ನೂ ಬೈಯಲಿಲ್ಲ. ಜನ ಅದನ್ನು ನೋಡಿಯೇ ಹೆದರಿದರು.

ಆಗ ಬಂತು ಆ ನೋಟೀಸು. ಯಾವುದೋ ಟ್ರಸ್ಟಿನವರು ಹಳ್ಳಿಯ ಗ್ರಂಥಾಲಯಗಳಿಗೆ ಕಟ್ಟಡಕ್ಕೋ ಪುಸ್ತಕಕ್ಕೋ ಗ್ರ್ಯಾಂಟ್ ಕೊಡುತ್ತಾರೆ, ತಾಲ್ಲೂಕಿಗೆ ಒಂದೇ ಲೈಬ್ರರಿ, ಅರ್ಜಿ ಇಂಗ್ಲಿಷಿನಲ್ಲಿರಬೇಕು. ಅವಳು ಪೇಪರನ್ನು ಹಿಡಿದುಕೊಂಡು ರಸ್ತೆ ದಾಟಿ ನಮ್ಮ ಮನೆಗೆ ಬಂದಳು. ಮೊದಲ ಸಲ ಅಣಕವಿಲ್ಲದೆ ಮಿಸ್ ಎಂದಳು.

ಆಹಾ, ನನ್ನ ಉತ್ಸಾಹ ನೋಡಬೇಕಿತ್ತು ನೀವು. ರಿಟೈರ್ ಆದ ಮೇಲೆ ನನ್ನ ಇಂಗ್ಲಿಷನ್ನು ಕೇಳಿದವರು ಯಾರು? ಗ್ಯಾಸ್ ಏಜೆನ್ಸಿಯವನಿಗೂ ಬೇಕಿರಲಿಲ್ಲ. ಟೇಬಲ್ ಒರೆಸಿ, ಪೆನ್ನಿಗೆ ಇಂಕು ತುಂಬಿ, ಸೆಮಿಕೋಲನ್‌ಗಳನ್ನೆಲ್ಲ ಧೂಳು ಕೊಡವಿ ಹೊರಗೆ ತೆಗೆದು, ಬರೆದೇ ಬರೆದೆ. ಓದಿ ಅರ್ಥ ಹೇಳಿದಾಗ ಗುರುಮಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ನಮ್ಮ ಲೈಬ್ರರಿ ಇಷ್ಟು ಚೆನ್ನಾಗಿದೆಯೆಂದು ತನಗೇ ಗೊತ್ತಿರಲಿಲ್ಲ ಎಂದಳು. ಸೂರು ಬಂದೇ ಬಿಟ್ಟಿತು ಎಂದು ನಾವಿಬ್ಬರೂ ಆ ದಿನ ಉಪ್ಪಿಟ್ಟು ತಿಂದೆವು.

ಮೂರು ದಿನ ಬಿಟ್ಟು ನೋಡುತ್ತೇನೆ, ನಮ್ಮ ಬಾಗಿಲಲ್ಲಿ ಗುರುಮಲ್ಲಮ್ಮ, ಅವಳ ಹಿಂದೆ ಒಬ್ಬ ಯುವಕ. ಚಪ್ಪಲಿಯನ್ನು ದೂರದಲ್ಲೇ ಬಿಟ್ಟು, ಎಲ್ಲಿ ನಿಲ್ಲಬೇಕೋ ತಿಳಿಯದೆ ತುಳಸಿಕಟ್ಟೆ ಹಿಡಿದು ನಿಂತಿದ್ದ. ಹಂಗಳ ಊರಿನ ಆಚೆ, ಕಾಡಂಚಿನ ಒಂದು ಹಳ್ಳಿಯ ಲೈಬ್ರರಿ ನೋಡಿಕೊಳ್ಳುವ ಸಿದ್ದರಾಜು. ಗುಂಡ್ಲುಪೇಟೆಯಲ್ಲಿ ತಿಂಗಳ ಮೀಟಿಂಗ್ ಇತ್ತಂತೆ. ಅಲ್ಲಿ ಗುರುಮಲ್ಲಮ್ಮ ಎದ್ದು ನಿಂತು, ಟ್ರಸ್ಟಿನ ನೋಟೀಸನ್ನು ತಾಲ್ಲೂಕಿನ ಅಷ್ಟೂ ಲೈಬ್ರರಿಯವರಿಗೆ ಗಟ್ಟಿಯಾಗಿ ಓದಿ ಹೇಳಿದ್ದಳು. ಬೇರೆಯವರು ಸುಮ್ಮನಾದರು. ಈ ಹುಡುಗ ಮಾತ್ರ, ಅರ್ಜಿ ಹಾಕುವ ಆಸೆ ಇದೆ ಅಕ್ಕ, ಆದರೆ ಇಂಗ್ಲಿಷ್ ಬರುವುದಿಲ್ಲ ಎಂದನಂತೆ.

"ಇವನ್ಗೂ ಒಂದು ಬರ್ಕೊಟ್ಬುಡಿ ಮಿಸ್," ಎಂದಳು, ಸಕ್ಕರೆ ಸಾಲ ಕೇಳುವವಳ ಹಾಗೆ.

ನಾನು ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. ಇದು ಕಾಂಪಿಟಿಶನ್ ಎನ್ನುವುದು ಅರ್ಥವಾಗುತ್ತದೆಯೇ, ತಾಲ್ಲೂಕಿಗೆ ಒಂದೇ ಎಂದು ನೀವೇ ಓದಿಲ್ಲವೇ, ನಿಮ್ಮ ಸೂರು ಬೀಳುತ್ತಿದೆ, ಮೀಟಿಂಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಪಿಸುದನಿಯಲ್ಲಿ ಗದರಿದೆ. ಈಗಲೂ ನನಗೆ ನನ್ನ ಪ್ರಶ್ನೆ ತಪ್ಪೆನಿಸುವುದಿಲ್ಲ, ನೋಡಿ. ಅವಳು ಪಿಸುಗುಟ್ಟಲಿಲ್ಲ. ಅವಳಿಗೆ ಅದು ಬರುತ್ತಲೂ ಇರಲಿಲ್ಲ.

"ನಾ ಹೊಲ್ಗೆ ಮಿಷನ್ದು ಓದ್ದಿ, ಪೈಪಿಂದು ಓದ್ದಿ, ಜೇನಿಂದು ಓದ್ದಿ. ಅವೆಲ್ಲ ನಂಗೆ ಸಿಗೋವಲ್ಲ ಅಂತ ಓದಿದ್ನಾ? ನಂಗೆ ಸಿಗೋದು ಬಂದಾಗ ಮಾತ್ರ ಪೇಪರ್ ಮಡಚಿ ರವಿಕೆ ಒಳಕ್ಕೆ ಇಟ್ಕಬೇಕಾ? ಆಗಾಕಿಲ್ಲ ಬುಡಿ."

ಹೊರಗೆ ಸಿದ್ದರಾಜು ಕೆಮ್ಮಿದ. ಎಲ್ಲವೂ ಕೇಳಿಸಿತ್ತು, ಪಾಪ. ತನಗೆ ಬೇಡ, ಹೋಗುತ್ತೇನೆ ಎಂದು ಚಪ್ಪಲಿ ಹುಡುಕತೊಡಗಿದ. ಗುರುಮಲ್ಲಮ್ಮ ಅವನ ತೋಳು ಹಿಡಿದು, "ಕೂತ್ಕಳ್ಳಾ, ಎಲ್ಲಿಗೋಯ್ತಿಯೆ," ಎಂದು ಬೆಂಚಿನ ಮೇಲೆ ಕೂರಿಸಿದಳು.

ಅವನನ್ನು ಕೇಳಿ ಕೇಳಿ ಬರೆದುಕೊಂಡೆ. ಅವನ ಊರಿನಲ್ಲಿ ಸಂಜೆಯಾದರೆ ಆನೆ ಇಳಿಯುತ್ತದೆ. ಬೆಳಕು ಮಾಸುವ ಮೊದಲೇ ಮಕ್ಕಳೆಲ್ಲ ಮನೆ ಸೇರಬೇಕು. ಒಂದೊಂದು ಪುಸ್ತಕಕ್ಕೂ ಇರುವುದು ಒಂದೇ ಪ್ರತಿ, ಮಾರನೆಯ ದಿನ ಅದು ಇನ್ನಾರದೋ ಕೈಯಲ್ಲಿರುತ್ತದೆ. ಅದಕ್ಕೇ ಅಲ್ಲಿನ ಮಕ್ಕಳು ಕತೆಯ ಕೊನೆಯ ಪುಟವನ್ನು ಮೊದಲು ಓದಿಕೊಂಡು, ಆಮೇಲೆ ಶುರುವಿನಿಂದ ಎಷ್ಟು ಆಗುತ್ತದೋ ಅಷ್ಟು ಓದುತ್ತಾರಂತೆ. ಇದನ್ನು ಅವನು ಹೇಳಿದ ಹಾಗೆಯೇ ಬರೆದುಕೊಂಡೆ.

ಏನು ಮಾಡಲಿ ಹೇಳಿ? ಸ್ವಂತ ಊರಿನ ವಿರುದ್ಧವೇ ಆದರೂ ಕೆಟ್ಟ ಇಂಗ್ಲಿಷ್ ಬರೆಯಲು ನನ್ನಿಂದಾಗದು. ಸಿಸ್ಟರ್‌ಗಳು ನನ್ನನ್ನು ಹಾಗೆ ಬೆಳೆಸಿ ಹಾಳುಮಾಡಿದ್ದಾರೆ. ಅವನ ಅರ್ಜಿಯಲ್ಲಿ ಸೆಮಿಕೋಲನ್ನುಗಳು ಕಡಿಮೆ, ಆದರೆ ಅದೇ ಹೆಚ್ಚು ಚೆನ್ನಾಗಿ ಬಂತು. ಬರೆಯುವಾಗಲೇ ನನಗೆ ಗೊತ್ತಾಗಿತ್ತು.

ಗ್ರ್ಯಾಂಟ್ ಅವನ ಲೈಬ್ರರಿಗೇ ಸಿಕ್ಕಿತು. ಅವನು ಮೊದಲು ಫೋನ್ ಮಾಡಿದ್ದು ಗುರುಮಲ್ಲಮ್ಮನಿಗೆ. ನಾನು ನಮ್ಮ ಜಗಲಿಯಲ್ಲೇ ಇದ್ದೆ. ಅವಳು ಕಿಟಕಿಗೆ ಬಂದು, ಸ್ಕೇಲು ಬಡಿದು, ಇಂಥ ಊರಿನ ಲೈಬ್ರರಿಗೆ ಟ್ರಸ್ಟಿನವರ ಸಹಾಯ ಮಂಜೂರಾಗಿದೆ ಎಂದು ಕೂಗಿ ಹೇಳಿದಳು. ಸ್ಕಾಲರ್‌ಶಿಪ್ಪು ಓದುವ ಅದೇ ದನಿ. ಲೈಬ್ರರಿಯ ಜಗಲಿಯ ಮೇಲಿನವರು ಕೈ ನಿಲ್ಲಿಸಿದರು. ಯಾರೋ ಒಬ್ಬಳು, "ಹಂಗಾದ್ರ ನಮ್ದು?" ಎಂದು ಕೇಳಿದಳು. ಗುರುಮಲ್ಲಮ್ಮ ಪೇಪರಿನ ಪುಟ ತಿರುವಿದಳು. ಕುರಿ ಸಾಕಾಣಿಕೆ ತರಬೇತಿಯ ನೋಟೀಸು ಇತ್ತು, ಅದನ್ನು ಓದಿದಳು. ಆ ಹೊತ್ತಿನಲ್ಲಿ ಅವಳ ಮುಖದ ಪೌಡರಿನ ಮೇಲೆ ಎರಡು ಗೆರೆ ಬಿದ್ದದ್ದನ್ನು ಬೀದಿಯ ಈಚೆಯಿಂದಲೂ ಕಂಡೆ.

ಮಳೆಗೆ ಮೊದಲು ಕೋಣೆಗೆ ಬೀಗ ಬಿತ್ತು. ಪುಸ್ತಕಗಳು ಗೋಣಿಚೀಲದಲ್ಲಿ ಕೂತವು. ಲೈಬ್ರರಿ ಮುಗಿಯಿತು ಎಂದು ನಾನೂ ಅಂದುಕೊಂಡೆ. ಆದರೆ ಅವಳ ಬೈಗುಳ ತಿಂದು ಹೊಲಿಗೆ ಯಂತ್ರ, ಪೈಪು, ಹಸು ಪಡೆದ ಹೆಂಗಸರು ಸುಮ್ಮನಿರಲಿಲ್ಲ. ಅವರದೇ ಹಾಲಿನ ಸೊಸೈಟಿ ಇತ್ತು. ಬೆಳಗಿನ ಹಾಲು ಹೋದ ಮೇಲೆ ಸಂಜೆಯ ಹಾಲು ಬರುವವರೆಗೆ ಡೈರಿಯ ಕೋಣೆ ಖಾಲಿ ತಾನೆ, ಅಲ್ಲಿ ಪುಸ್ತಕ ಇಡಿ ಎಂದರು. ಲೈಬ್ರರಿಯನ್ನು ಬೇರೆ ಊರಿನದಕ್ಕೆ ಸೇರಿಸುವ ಫೈಲು ಹಿಡಿದು ಬಂದ ಅಧಿಕಾರಿಯನ್ನು ಕ್ಯಾನುಗಳ ನಡುವೆ ಕೂರಿಸಿ, ಕೆನೆ ಹಾಲು ಕುಡಿಸಿ, ತಾತ್ಕಾಲಿಕ ವಿಳಾಸ ಎಂದು ಅವರಿಂದಲೇ ಬರೆಸಿಕೊಂಡರು. ಆ ತಾತ್ಕಾಲಿಕ ಇವತ್ತಿಗೂ ಮುಗಿದಿಲ್ಲ. ಪುಸ್ತಕಗಳಿಗೆಲ್ಲ ಹುಳಿ ಹಾಲಿನ ವಾಸನೆ. ದಪ್ಪ ನಿಘಂಟಿನ ಮೇಲೆ ಡೈರಿಯ ಬೆಕ್ಕು ಮಲಗುತ್ತದೆ. ಸೂರು ಸೋರುವುದಿಲ್ಲ, ಅಷ್ಟೇ.

ಈಗ ಮಂಡಿಯ ಆಪರೇಷನ್ ಆಗಿ ನಾನು ಗುಂಡ್ಲುಪೇಟೆಯಲ್ಲಿದ್ದೇನೆ. ಬೆಳಿಗ್ಗೆ ಬಂದ ಆ ಮೆಸೇಜನ್ನು ಮೊದಲು ನಮ್ಮೂರ ಲೈಬ್ರರಿಗೆ ಕಳಿಸಿದೆ. ಬೆರಳು ಒಂದು ಕ್ಷಣ ಅಲ್ಲೇ ನಿಂತಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಫೋನಿನಲ್ಲಿರುವ ಅಷ್ಟೂ ಗ್ರೂಪುಗಳಿಗೆ, ಸಿದ್ದರಾಜುವಿಗೆ, ನನ್ನ ಹಳೆಯ ಸ್ಟೂಡೆಂಟುಗಳಿಗೆಲ್ಲ ಕಳಿಸಿದೆ. ಇಂಗ್ಲಿಷಿನಲ್ಲಿ ಬರೆಸಬೇಕಾದವರು ನನ್ನ ಬಳಿ ಬರಬಹುದು ಎಂದು ಕೆಳಗೆ ಸೇರಿಸಿದೆ. ಮಧ್ಯಾಹ್ನದೊಳಗೆ ಇಬ್ಬರ ಫೋನು ಬಂತು. ನಾದಿನಿ ಟೇಬಲ್ ಒರೆಸಿಕೊಟ್ಟಿದ್ದಾಳೆ.

ಗುರುಮಲ್ಲಮ್ಮ ಇದಕ್ಕೆ ಮೊದಲೇ ಕೆಲಸದಿಂದ ನಿವೃತ್ತಳಾಗಿ ತಾಳವಾಡಿಯ ಮಗಳ ಮನೆಗೆ ಹೋದಳು. ನಾನು ಅವಳನ್ನು ಕಡೆಯದಾಗಿ ನೋಡಿದ್ದು ಅವಳ ಕೊನೆಯ ಡ್ಯೂಟಿಯ ದಿನ. ಶಾಲು, ಹಾರ, ಭಾಷಣ ಇರುತ್ತದೆಂದು ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಅಂಥದ್ದೇನೂ ಇರಲಿಲ್ಲ. ಸಂಜೆಯ ಹಾಲು ಹಾಕಲು ಹೆಂಗಸರು ಸಾಲು ನಿಂತಿದ್ದರು. ಆಗಷ್ಟೇ ಅಕ್ಷರ ಕಲಿತ ಒಬ್ಬಳು, ಹಾಲಿನ ಪಾತ್ರೆಯನ್ನು ಸೊಂಟದಲ್ಲಿ ಆನಿಸಿಕೊಂಡು, ಎಡವುತ್ತಾ ಎಡವುತ್ತಾ ಪೇಪರ್ ಓದುತ್ತಿದ್ದಳು. ಗುರುಮಲ್ಲಮ್ಮ ಬೆಂಚಿನ ತುದಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತು ಕೇಳುತ್ತಿದ್ದಳು. "ಗಟ್ಟಿಯಾಗಿ ಓದಮ್ಮಿ, ಹಿಂದ್ಗಡೆಯವರ್ಗೆ ಕೇಳ್ತಾ ಇಲ್ಲ," ಎಂದಳು. ನನ್ನನ್ನು ಕಂಡು ಬೆಂಚಿನ ಮೇಲೆ ಜರುಗಿ ಜಾಗ ಮಾಡಿದಳು. ಓದು ಇನ್ನೂ ಮುಗಿದಿರಲಿಲ್ಲ.