ತಣ್ಣಗಿರಲಿ ಎಂದ ಮಾತು

ಕಿವಿ, ಮೂಗು, ಗಂಟಲಿನ ಆ ಆಸ್ಪತ್ರೆಯಲ್ಲಿ ಅವಳಿಗೆ ಬಿಸಿಗೈ ಅಕ್ಕ ಎಂದೇ ಹೆಸರು. ಇಪ್ಪತ್ತೆಂಟು ವರ್ಷದ ನರ್ಸ್ ಕೆಲಸದಲ್ಲಿ ಅವಳು ಯಾರ ಕಿವಿಗೂ ತಣ್ಣನೆಯ ಹನಿ ಬಿಟ್ಟವಳಲ್ಲ. ಬಿಟ್ಟರೆ ತಲೆ ಗಿರ್ರನೆ ಸುತ್ತುತ್ತದೆ. ಅದಕ್ಕೇ ಬಾಟಲಿಯನ್ನು ಮುಷ್ಟಿಯಲ್ಲಿ ಅದುಮಿಕೊಂಡು ರೋಗಿಯ ಮನೆಮಠ ವಿಚಾರಿಸುತ್ತಿದ್ದಳು. ಮಾತು ಮುಗಿಯುವಷ್ಟರಲ್ಲಿ ಔಷಧ ಮೈಶಾಖಕ್ಕೆ ಬಂದಿರುತ್ತಿತ್ತು. ಮೂಗು ತೊಳೆಯುವ ಉಪ್ಪುನೀರನ್ನೂ ಮೊದಲು ತನ್ನ ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ನೋಡುವಳು.

ಈ ಸಲ ಮಂಚದ ಮೇಲೆ ಮಲಗಿದ್ದವಳು ಅವಳ ಒಡಹುಟ್ಟಿದ ತಂಗಿ. ಬಲಗಿವಿ ಬಾಲ್ಯದಲ್ಲೇ ಸೋರಿ ಸೋರಿ ಸತ್ತಿತ್ತು. ಈಗ ಒಂಬತ್ತು ದಿನದಿಂದ ಎಡಗಿವಿಯೂ ಮಂದವಾಗುತ್ತಿತ್ತು. ಮೊದಲು ಗಡಿಯಾರದ ಸದ್ದು ಹೋಯಿತು, ಆಮೇಲೆ ಬಾಗಿಲ ಬಡಿತ. ಹೊಲಿಗೆ ಯಂತ್ರ ಓಡುತ್ತಿದೆಯೋ ಇಲ್ಲವೋ ಎಂಬುದನ್ನು ಅವಳೀಗ ಅಂಗೈಯಿಟ್ಟು ತಿಳಿಯುತ್ತಿದ್ದಳು.

"ನಮ್ಮನೆಯವರ ಗೊರಕೆ ಕೇಳಿಸ್ತಿಲ್ಲ ಅಕ್ಕ. ಅದೊಂದೇ ಲಾಭ," ಎಂದು ನಕ್ಕಿದ್ದಳು.

ಹೊಸ ಔಷಧವನ್ನು ಕಿವಿಯ ತಮಟೆಯ ಆಚೆಗೆ ಸೂಜಿಯಿಂದ ಬಿಡಬೇಕು. ಅಲ್ಲೇ ನಿಂತು ದಿನಗಟ್ಟಲೆ ಒಳಗಿವಿಗೆ ಇಳಿಯುತ್ತದಂತೆ. ಬಂದಿದ್ದು ಒಂದೇ ಸೀಸೆ. ಇನ್ನೊಂದು ಬರುವವರೆಗೆ ಈ ಕಿವಿ ಕಾಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಅವರು ಬೆನ್ನು ತಿರುಗಿಸಿ ಕೈ ತೊಳೆಯುತ್ತಿದ್ದರು. "ಸಿರಿಂಜಿಗೆ ತುಂಬಿಡಿ ಅಕ್ಕ. ತಣ್ಣಗಿರಲಿ."

ಅಕ್ಕನ ಕಣ್ಣು ತುಂಬಿತು. ಅಜ್ಜಿ ತಲೆ ನೇವರಿಸಿ ಹರಸುತ್ತಿದ್ದ ಮಾತದು. "ನಿಮ್ಮ ಬಾಯಿ ಹರಕೆ ಫಲಿಸಲಿ," ಎಂದಳು. ನಲ್ಲಿಯ ಸದ್ದಿನಲ್ಲಿ ಅದು ಅವರಿಗೆ ಕೇಳಿಸಲಿಲ್ಲ. ಅವಳು ಸಿರಿಂಜನ್ನು ತುಂಬಿ, ಎರಡೂ ಅಂಗೈಗಳ ನಡುವೆ, ಮರಿಹಕ್ಕಿಯಂತೆ ಮುಚ್ಚಿಕೊಂಡಳು.

ಸೂಜಿ ತಮಟೆಯನ್ನು ದಾಟಿತು. ಆದರೆ ಒತ್ತಿದರೂ ಔಷಧ ಕದಲಲಿಲ್ಲ. ಡಾಕ್ಟರು ಸೂಜಿಯನ್ನು ಮೆಲ್ಲಗೆ ಹಿಂದೆಗೆದರು.

"ಎಲ್ಲಿಟ್ಟಿದ್ರಿ ಇದನ್ನ?"

"ಕೈಯಲ್ಲಿ."

"ತಣ್ಣಗಿರಲಿ ಅಂದ್ನಲ್ಲ."

"ನೀವು ಹರಸಿದ್ರಿ ಅಂದ್ಕೊಂಡೆ."

ಡಾಕ್ಟರು ನಗಲಿಲ್ಲ. "ಬಿಸಿ ತಾಗಿದ್ರೆ ಹೆಪ್ಪುಗಟ್ಟೋ ಔಷಧ ಅಕ್ಕ ಇದು. ಕಿವಿಯೊಳಗೆ ಹೋಗಿ ಕಟ್ಬೇಕಿತ್ತು. ಸೂಜಿಯಲ್ಲೇ ಕಟ್ಕೊಂಡಿದೆ."

"ಏನಂತೆ?" ಎಂದು ತಂಗಿ ಕೇಳಿದಳು. ಅಕ್ಕ ತಲೆಯಾಡಿಸಿ, ಏನಿಲ್ಲವೆಂದಳು.

ಸಿರಿಂಜನ್ನು ಮಂಜುಗಡ್ಡೆಯಲ್ಲಿಟ್ಟು ಔಷಧ ಕರಗಿಸಿ, ಸೂಜಿ ಬದಲಿಸಿದರು. ಅಷ್ಟಾದರೂ ಒಳಗೆ ಹೋದದ್ದು ಅರ್ಧ. ಮಿಕ್ಕದ್ದು ಹತ್ತಿಯ ಪಾಲಾಯಿತು. ಮೂರನೆಯ ದಿನ ಗೊತ್ತಾಗುತ್ತದೆ ಎಂದರು ಡಾಕ್ಟರು.

ಅಂದಿನಿಂದ ಅಕ್ಕ ಯಾವ ಬಾಟಲಿ ಮುಟ್ಟುವ ಮೊದಲೂ ಕೈಗಳನ್ನು ನಲ್ಲಿಯ ಕೆಳಗೆ ಹಿಡಿಯತೊಡಗಿದಳು. ಹನಿಗೆ ಬಂದವರು, "ಯಾಕಕ್ಕ, ಕೈ ಇಷ್ಟು ತಣ್ಣಗಿದೆ?" ಎಂದರೆ ಅವರ ತಲೆಯನ್ನು ಪಕ್ಕಕ್ಕೆ ವಾಲಿಸುವಳು.

ಮೂರನೆಯ ದಿನ ತಂಗಿ ಅದೇ ಮಂಚದ ಮೇಲೆ, ಎಡಗಿವಿ ಮೇಲಾಗಿ, ಕಣ್ಣು ಮುಚ್ಚಿ ಮಲಗಿದ್ದಳು. ಅಕ್ಕ ನಲ್ಲಿಯಿಂದ ನೇರ ಬಂದು ಆ ಕಿವಿಯ ಹತ್ತಿರ ಬಾಗಿದಳು.

"ನಾನು ಕಣೇ."

ರೆಪ್ಪೆ ಅಲುಗಲಿಲ್ಲ. ಇನ್ನೂ ಜೋರಾಗಿ ಕೂಗಿದಳು. ಕೊನೆಗೆ ಅವಳ ಹಣೆಯ ಮೇಲೆ ಕೈಯಿಟ್ಟಳು.

ತಂಗಿ ಬೆಚ್ಚಿ ಆ ಕೈಯನ್ನು ತಳ್ಳಿದಳು. ಕಣ್ಣು ತೆರೆಯುವ ಮೊದಲೇ ಕೇಳಿದಳು, "ಯಾರದು?"