ಸಂಗಪ್ಪ ಸಿಂಗಪ್ಪನಾದ ಪ್ರೋಗ್ರಾಮ್

ಶೀತಲ ಮೆಹಕರ ಎಂಬ ಹಳ್ಳಿಯ ಕುರಿ ಸಾಕುವವರ ಮನೆಯ ಮಗಳು. ಭಾಲ್ಕಿಯಲ್ಲಿ ಬಿಎಸ್ಸಿ ಮುಗಿಸಿ ಬೀದರಿನ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದಳು. ಹೊಸ ಬ್ಯಾಚ್ ಬಂದರೆ ಮೊದಲ ದಿನ ಯಾರಿಗೂ ಕೀಬೋರ್ಡ್ ಮುಟ್ಟಗೊಡುತ್ತಿರಲಿಲ್ಲ. ಅವತ್ತು ಬರೀ ದೊಡ್ಡ ಪ್ರೋಗ್ರಾಮರುಗಳ ಕತೆ. ಯಂತ್ರವೇ ತಯಾರಾಗದ ಕಾಲದಲ್ಲಿ ಅದಕ್ಕೆ ಲೆಕ್ಕದ ಕ್ರಮ ಬರೆದಿಟ್ಟ ಏಡಾ ಲವ್‌ಲೇಸ್. ಮನುಷ್ಯರ ಮಾತಿನಂಥ ಪದಗಳನ್ನು ಯಂತ್ರ ತನ್ನ ಭಾಷೆಗೆ ತಾನೇ ತಿರುಗಿಸಿಕೊಳ್ಳಬಹುದೆಂದು ತೋರಿಸಿಕೊಟ್ಟ ಗ್ರೇಸ್ ಹಾಪರ್. ಸಿ ಭಾಷೆ ಕಟ್ಟಿದ ಡೆನ್ನಿಸ್ ರಿಚಿ. ಆದರೆ ಶೀತಲಳ ಪಾಲಿಗೆ ಎಲ್ಲರಿಗಿಂತ ಮೇಲು ಮಾರ್ಗರೆಟ್ ಹ್ಯಾಮಿಲ್ಟನ್.

"ಚಂದ್ರನ ಮ್ಯಾಲ ಇಳಿಯೋ ಹೊತ್ತಿನಾಗ ಕಂಪ್ಯೂಟರಿಗಿ ಕೆಲಸ ಹೆಚ್ಚಾಯ್ತು. ಅದು ಸುಮ್ಮ ಕೂಡಲಿಲ್ಲ. ನನ್ನ ಕೈಲಿ ಎಲ್ಲಾ ಆಗವಲ್ದು, ಮುಖ್ಯ ಇದ್ದದ್ದಷ್ಟೇ ಮಾಡ್ತೀನಿ ಅಂತ ಒಳಗಿದ್ದ ಮಂದಿಗಿ ತಿಳಿಸ್ತು. ಹಂಗ ತಿಳಿಸೋ ಬುದ್ಧಿ ಅದಕ್ಕ ಇಟ್ಟದ್ದು ಈಕಿ ಮತ್ತ ಈಕಿ ಜೋಡಿ ಇದ್ದವರು" ಎನ್ನುತ್ತಿದ್ದಳು.

ಆಕೆಗೂ ಒಂದು ದೊಡ್ಡ ಕೆಲಸ ಸಿಕ್ಕಿತು. ನಿಜಾಮರ ಕಾಲದ ಜಮೀನಿನ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು. ಓದಬಲ್ಲವರು ಒಬ್ಬೊಬ್ಬರೇ ಇಲ್ಲವಾಗುತ್ತಿದ್ದರು. ಅವನ್ನು ಕನ್ನಡಕ್ಕೆ ತರುವ ಗುತ್ತಿಗೆ ಹಿಡಿದ ಹೊರಗಿನ ಊರಿನ ಕಂಪನಿಯೊಂದು ಶೀತಲಳನ್ನು ಕರೆಯಿತು. ಉರ್ದು ಬಲ್ಲವರು ಟೈಪ್ ಮಾಡಿದ್ದನ್ನು ಕನ್ನಡ ಅಕ್ಷರಕ್ಕೆ ತಿರುಗಿಸುವ ಪ್ರೋಗ್ರಾಮ್ ಆಗಬೇಕಿತ್ತು.

ಆಕೆಗೆ ಉರ್ದು ಬರುತ್ತಿರಲಿಲ್ಲ. ಔರಾದಿನಲ್ಲಿ ಸಲಾವೋದ್ದೀನ ಮಾಸ್ತರರಿದ್ದರು. ಉರ್ದು ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು. ರವಿವಾರ ಬಂತೆಂದರೆ ಶೀತಲ ಲ್ಯಾಪ್‌ಟಾಪ್ ಹೊತ್ತುಕೊಂಡು ಔರಾದಿನ ಬಸ್ ಹತ್ತುತ್ತಿದ್ದಳು.

"ಬೇಟಿ, ನಮ್ಮ ಲಿಪಿಯೊಳಗ ಅ, ಇ, ಉ ಅಂಥ ಸಣ್ಣ ಸ್ವರ ಬರೆಯಂಗಿಲ್ಲ" ಎಂದು ಮಾಸ್ತರರು ಮೊದಲ ದಿನವೇ ಎಚ್ಚರಿಸಿದ್ದರು. "ಸಂಗಪ್ಪ ಅಂತ ಬರದರೂ ಅಷ್ಟೇ, ಸಿಂಗಪ್ಪ ಅಂತ ಬರದರೂ ಅಷ್ಟೇ. ಊರು ಯಾವುದು, ಮನಿತನ ಯಾವುದು ನೋಡಿ ಓದಬೇಕು. ನಿನ್ನ ಮಷೀನಿಗಿ ಇದು ಹ್ಯಾಂಗ ತಿಳೀತದ?"

"ತಿಳೀಲಿಲ್ಲಂದ್ರ ಕೇಳ್ತದ್ರಿ ಮಾಸ್ತರ. ಹಂಗೇ ಬರೀತೀನಿ."

ಹಾಗೆಯೇ ಬರೆದಳು. ಸಂಶಯ ಬಂದರೆ ಪ್ರೋಗ್ರಾಮ್ ನಿಲ್ಲುತ್ತಿತ್ತು. ಎರಡೂ ಹೆಸರು ತೋರಿಸಿ, ಯಾವುದು ಸರಿಯೆಂದು ಮುಂದೆ ಕೂತವರನ್ನೇ ಕೇಳುತ್ತಿತ್ತು. ಹಳ್ಳಿ ಹಳ್ಳಿಯ ಹೆಸರುಗಳನ್ನು ಮಾಸ್ತರರು ನೆನಪಿನಿಂದ ಹೇಳಿದರು, ಆಕೆ ಒಳಗೆ ಸೇರಿಸಿದಳು. ಎರಡು ವರ್ಷ ಹಿಡಿಯಿತು. ಅವರ ಹೆಂಡತಿ ತೀರಿಕೊಂಡ ತಿಂಗಳಲ್ಲೂ ಮಾಸ್ತರರು ಒಂದು ರವಿವಾರ ತಪ್ಪಿಸಲಿಲ್ಲ.

ಬೀದರಿನಲ್ಲಿ ಉದ್ಘಾಟನೆ ಇಟ್ಟರು. ಮಾಸ್ತರರು ಶೇರ್ವಾನಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ವೇದಿಕೆಯಲ್ಲಿ ಕಂಪನಿಯ ಮ್ಯಾನೇಜರ್ ಅನೀಲಕುಮಾರ ಮಾತಾಡಿದ. ನಮ್ಮ ತಂಡ, ನಮ್ಮ ತಂತ್ರಜ್ಞಾನ, ನಮ್ಮ ಹಗಲಿರುಳ ಶ್ರಮ. ಶಾಲು ಹೊದಿಸುವಾಗ ಮಾಸ್ತರರು ಎರಡು ಸಲ ಕುರ್ಚಿಯಿಂದ ಅರ್ಧ ಎದ್ದರು. ಕರೆದದ್ದು ಬೇರೆಯವರನ್ನು. ಎರಡನೇ ಸಲ ಕೂತವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು, ಮತ್ತೆ ಏಳಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಶೀತಲ ಸಮಾಧಾನಕ್ಕೆಂದು ಹೇಳಿದಳು: "ಅಮೆರಿಕಾದಾಗ ಎನಿಯಾಕ್ ಅಂತ ದೊಡ್ಡ ಕಂಪ್ಯೂಟರ್ ಮಾಡಿದ್ರು ಮಾಸ್ತರ. ಅದಕ್ಕ ಪ್ರೋಗ್ರಾಮ್ ಹಾಕಿದವರು ಆರು ಮಂದಿ ಹೆಣ್ಣುಮಕ್ಕಳು. ಜಗತ್ತಿಗಿ ತೋರಿಸೋ ದಿನ ಅವರನ್ನ ಊಟಕ್ಕ ಸೈತ ಕರೀಲಿಲ್ಲ."

"ಆಮ್ಯಾಲ?"

"ಭಾಳ ವರ್ಷದ ಮ್ಯಾಲ ಹೆಸರು ಹೊರಗ ಬಂತು."

"ಅಷ್ಟು ವರ್ಷ ನಂಗ ಎಲ್ಲಿ ಅದಾವ ಬೇಟಿ" ಎಂದು ಮಾಸ್ತರರು ಬಸ್ ಹತ್ತಿದರು.

ಮುಂದಿನದು ಅದಕ್ಕಿಂತ ಕೆಟ್ಟದ್ದು. ಪ್ರೋಗ್ರಾಮ್ ಹೆಜ್ಜೆಹೆಜ್ಜೆಗೂ ನಿಂತು ಕೇಳುವುದರಿಂದ ಕೆಲಸ ಸಾಗುತ್ತಿಲ್ಲವೆಂದು ಅನೀಲಕುಮಾರ ಆ ಭಾಗವನ್ನೇ ತೆಗೆಸಲು ಹೊರಟ. ಶೀತಲ ಜಗಳಕ್ಕೆ ನಿಂತಳು.

"ಸರ್, ಅದು ತೆಗದರ ಮಂದಿ ಅಪ್ಪನ ಹೆಸರು ಬದಲಾಗ್ತದ್ರಿ."

"ಒಂದೋ ಎರಡೋ ಆಗ್ತಾವ ಮೇಡಂ. ಆಮ್ಯಾಲ ತಿದ್ದಿಕೊಂತಾರ."

"ನಾ ತೆಗಿಯಂಗಿಲ್ಲ."

"ನೀವ್ಯಾಕ ತೆಗೀತೀರಿ, ಬ್ಯಾರೆಯವರು ತೆಗೀತಾರ. ನಾಳಿಂದ ನೀವು ಬರೂದು ಬ್ಯಾಡ."

ಆರು ತಿಂಗಳಲ್ಲಿ ಭಾಲ್ಕಿ, ಔರಾದ ಎರಡೂ ಕಡೆ ಗಲಾಟೆ ಎದ್ದಿತು. ಕನ್ನಡಕ್ಕೆ ಬಂದ ಕಾಗದಗಳಲ್ಲಿ ಹೆಸರುಗಳು ಅದಲುಬದಲಾಗಿದ್ದವು. ಮಗನ ಆಧಾರ್ ಕಾರ್ಡಿನಲ್ಲಿ ಅಪ್ಪನ ಹೆಸರು ಒಂದು, ಜಮೀನಿನ ಕಾಗದದಲ್ಲಿ ಇನ್ನೊಂದು. ತಪ್ಪು ಯಾರದೆಂದು ಪತ್ರಿಕೆಯವರು ಕೇಳಿದಾಗ ಕಂಪನಿ ತಕ್ಷಣ ಒಂದು ಹೆಸರು ಕೊಟ್ಟಿತು: ಈ ಪ್ರೋಗ್ರಾಮ್ ಬರೆದವರು ಮೆಹಕರದ ಶೀತಲ. ಆಕೆಯ ಹೆಸರು ಅಚ್ಚಾದದ್ದು ಅದೇ ಮೊದಲು.

ಹುಡುಕಿಕೊಂಡು ಬಂದವರಲ್ಲಿ ಸಾಯಗಾಂವದ ಅಂಜನಾಬಾಯಿ ಒಬ್ಬಳು. ಎಪ್ಪತ್ತರ ಮುದುಕಿ. ಹೊಸ್ತಿಲ ಹೊರಗೇ ನಿಂತಳು, ಒಳಗೆ ಕರೆದರೂ ಬರಲಿಲ್ಲ.

"ನಮ್ಮಪ್ಪ ಸಂಗಪ್ಪ. ಊರೆಲ್ಲಾ ಬಲ್ಲದು. ನೀ ಅವನ್ನ ಸಿಂಗಪ್ಪ ಮಾಡಿದಿ. ಈಗ ನಾ ಯಾರ ಮಗಳು ಹೇಳು? ಕುರಿ ಕಾಯೋರ ಮನಿಯಾಗ ಹುಟ್ಟಿ ನಾಕ ಅಕ್ಷರ ಕಲತಿದ್ದಕ್ಕ ಹಿಂಗ ಮಾಡಬೇಕೇನ?"

"ಆಯಿ, ನಾ ಮಾಡಿದ್ದಲ್ಲ ಅದು..."

"ಪೇಪರಿನಾಗ ಬಂದದ!" ಮುದುಕಿ ನೆಲಕ್ಕೆ ಉಗುಳಿ ಹೋದಳು.

ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದಿದ್ದವು. ಆಕೆ ಕಲಿಸುತ್ತಿದ್ದ ಕಂಪ್ಯೂಟರ್ ಕೇಂದ್ರದ ಮಾಲಕ ಖಾಲಿದ ಸಂಜೆ ಫೋನು ಮಾಡಿ, ಒಂದಿಷ್ಟು ದಿನ ಮನೆಯಲ್ಲೇ ಇರಿ ಮೇಡಂ ಎಂದ. ಆ ಒಂದಿಷ್ಟು ದಿನ ಮುಗಿಯಲೇ ಇಲ್ಲ.

ಮಳೆಗಾಲದಲ್ಲಿ ಅನೀಲಕುಮಾರನ ಫೋನು ಬಂತು. ಅವರ ಕಡೆಯ ಯಾರಿಗೂ ಪ್ರೋಗ್ರಾಮ್ ತಿದ್ದಲು ಆಗಿರಲಿಲ್ಲ, ಬಂದು ಸರಿಮಾಡಿಕೊಡಿ ಎಂದ. ಶೀತಲ ಒಂದೇ ಷರತ್ತು ಹಾಕಿದಳು. "ನನ್ನ ಹೆಸರು ಬ್ಯಾಡ. ಮಾಸ್ತರ ಹೆಸರು ಮೊದಲ ಪರದೆ ಮ್ಯಾಲ ಬರಬೇಕು." ಆತ ಆಯಿತೆಂದ. ಹೋಗಿ, ಕಿತ್ತೆಸೆದಿದ್ದ ಭಾಗವನ್ನು ಮತ್ತೆ ಬರೆದಳು. ತಪ್ಪಾದ ಹೆಸರುಗಳನ್ನೆಲ್ಲ ಮತ್ತೆ ಪ್ರೋಗ್ರಾಮಿಗೆ ಹಾಕಿಸಿ, ಒಂದೊಂದನ್ನೇ ಮಾಸ್ತರರಿಗೆ ಫೋನಿನಲ್ಲಿ ಓದಿ ಹೇಳಿ ಸರಿಪಡಿಸಿದಳು. ಕೆಲಸ ಮುಗಿದ ಮರುವಾರ ತೆರೆದು ನೋಡಿದರೆ ಮೊದಲ ಪರದೆಯಲ್ಲಿ ಕಂಪನಿಯ ಹೊಸ ಲಾಂಛನ, ಅದರ ಕೆಳಗೆ ಅನೀಲಕುಮಾರನ ಹೆಸರು. ಫೋನು ಮಾಡಿದಳು. ಆತ ಎತ್ತಲಿಲ್ಲ.

ಔರಾದಿಗೆ ಹೋಗಿ ಮಾಸ್ತರರಿಗೆ ಇದ್ದದ್ದು ಇದ್ದಂತೆ ಹೇಳಿದಳು. ಅವರು ಕೂತಲ್ಲಿಂದ ಎದ್ದರು. ಆಮೇಲೆ, "ಇನ್ನ ಮ್ಯಾಲ ಈ ಮಾತು ನನ್ನ ಮುಂದ ತೆಗಿಬ್ಯಾಡ ಬೇಟಿ" ಎಂದು ಒಳಗೆ ಹೋದರು. ಚಹಾ ಕೇಳದೆ ಆಕೆಯನ್ನು ಕಳಿಸಿದ್ದು ಅದೊಂದೇ ಸಲ.

ಈಗ ಶೀತಲ ಭಾಲ್ಕಿಯ ಒಂದು ಕಾಳಿನ ಅಂಗಡಿಯಲ್ಲಿ ಬಿಲ್ ಹೊಡೆಯುತ್ತಾಳೆ. ಹೋದ ದಸರೆಗೆ ಮುಂಚೆ ಬೀದರಿನ ಬಸ್ಸಿನಲ್ಲಿ ಅಂಜನಾಬಾಯಿ ಪಕ್ಕಕ್ಕೇ ಬಂದು ಕೂತಳು. ಮುದುಕಿ ಆಕೆಯ ಗುರುತು ಹಿಡಿಯಲಿಲ್ಲ. ತೊಡೆಯ ಮೇಲೆ ಪೇಢೆಯ ಡಬ್ಬಿ ಇತ್ತು.

"ಎಲ್ಲಿಗಿ ಹೊಂಟೀರಿ ಆಯಿ?"

"ನಮ್ಮಪ್ಪನ ಹೆಸರು ಸರಿ ಆಯ್ತವ್ವ. ಆ ಕಂಪನಿ ಸಾಹೇಬಗ ಪೇಢಾ ಕೊಡಲಾಕ ಹೊಂಟೀನಿ. ಭಾಳ ಚಲೋ ಮನಷಾ ಅವ. ಯಾವಾಕಿನೋ ಒಬ್ಬಾಕಿ ಕೆಡಿಸಿಟ್ಟಿದ್ಲು, ಪಾಪ ಅವನೇ ಕೂತು ಎಲ್ಲಾ ತಿದ್ದಿದನಂತ."

ಡಬ್ಬಿ ತೆರೆದು ಒಂದು ಪೇಢೆ ಆಕೆಯ ಕೈಗೆ ಹಾಕಿದಳು. ಶೀತಲ ಅದನ್ನು ಹಿಡಿದುಕೊಂಡೇ ಕೂತಳು. ಬೀದರ್ ಬಂದಾಗ ಮುದುಕಿಯ ಕೈ ಹಿಡಿದು ಕೆಳಗಿಳಿಸಿ, ಕಂಪನಿಯ ಆಫೀಸಿಗೆ ಯಾವ ಕಡೆ ಹೋಗಬೇಕೆಂದು ತೋರಿಸಿದಳು.