ಅಕ್ಕನ ಮಾತು ಉಳಿದ ಊರು

“ನೀವು... ಯಾರ ಮನೆಯವ್ರು?”

ಮಾದಾಪುರದ ಕಾಫಿ ಎಸ್ಟೇಟಿನಲ್ಲಿ, ರೈಟರ್ ಮನೆಯ ಬಾಗಿಲಲ್ಲಿ, ಕೈಯಲ್ಲಿ ಟ್ರಂಕು ಹಿಡಿದು ತೊಯ್ದು ನಿಂತಿದ್ದ ನನ್ನನ್ನು ಹೀಗೆ ಕೇಳಿದವಳು ನನ್ನ ಸ್ವಂತ ಅಕ್ಕ ಗಂಗಾ. ನವಲಗುಂದದ ಹತ್ತಿರದ ನಮ್ಮ ಊರಲ್ಲಿ ದಿನಾ ನನ್ನ ಜಡೆ ಹೆಣೆದವಳು. ಸಾವಿತ್ರಿ ಎಂಬ ನನ್ನ ಹೆಸರು ಹಿಡಿದು ಅವಳು ಕರೆದದ್ದೇ ಇಲ್ಲ. ಅವಳಿಗೆ ನಾನು ‘ಸಣ್ಣಾಕಿ’. ಅವಳಿಗೆ ಪಾರ್ಶ್ವವಾಯು ಹೊಡೆದು ನಾಲ್ಕು ತಿಂಗಳಾಗಿತ್ತು. ಕಾಲು ಬಂದಿತ್ತು, ಮಾತು ಅರ್ಧ ಬಂದಿತ್ತು. ಹಳೆಯದು ಉಳಿದು ಹೊಸದು ಹೋಗುತ್ತದೆ ಎನ್ನುತ್ತಾರೆ; ಅವಳಲ್ಲಿ ತಿರುಗಾಮುರುಗಾ ಆಗಿತ್ತು. ಮದುವೆಗೆ ಮುಂಚಿನದೆಲ್ಲ ಮಸುಕು.

ಭಾವ ಈ ಕಡೆಯವರು. ನಮ್ಮೂರ ಶಾಲೆಗೆ ಬಂದಿದ್ದ ಕೊಡಗಿನ ಮೇಷ್ಟ್ರ ತಮ್ಮ. ಎಸ್ಟೇಟಿನ ಹಾಜರಿ ಬರೆದು ಕೆಲಸ ನೋಡಿಕೊಳ್ಳುವ ರೈಟರ್ ಕೆಲಸ ಅವರದು. ಅವರು ಬೆಳಿಗ್ಗೆ ತೋಟಕ್ಕೆ ಹೋದರೆ ಅಕ್ಕನ ಜತೆ ಯಾರೂ ಇರಲಿಲ್ಲ. ಹಾಗಾಗಿ ಬೆಂಗಳೂರಿನ ಕೆಲಸ ಬಿಟ್ಟು ಬಂದೆ.

ನಮ್ಮ ಕಡೆಯವರು ಕೇಳುತ್ತಾರೆ, ಕೊಡಗು ಹೆಂಗೈತಿ ಅಂತ. ಎರಿ ಭೂಮಿಯ ಕಪ್ಪು ಬಯಲಲ್ಲಿ ಬೆಳೆದವರಿಗೆ ಇಲ್ಲಿ ಮೊದಲು ಕಾಣೆಯಾಗುವುದು ದೂರ. ಅಲ್ಲಿ ಎರಡು ಮೈಲಿ ಆಚೆ ಬರುವ ಬಸ್ಸು ಕಾಣುತ್ತದೆ; ಇಲ್ಲಿ ಅಂಗಳದಾಚೆ ಬರೀ ಮರ. ಬಟ್ಟೆ ಒಣಗುವುದಿಲ್ಲ, ಒಲೆಯ ಮೇಲೆ ಕಟ್ಟಬೇಕು. ನಾನು ಕಟ್ಟಿಕೊಂಡು ಬಂದ ಜೋಳದ ಹಿಟ್ಟಿಗೆ ಹದಿನೈದು ದಿನದಲ್ಲಿ ಬೂಷ್ಟು ಹಿಡಿಯಿತು. ಅದಕ್ಕೆ ಮುಂಚೆ ಅದರಲ್ಲಿ ಮಾಡಿದ ಒಂದೇ ಒಂದು ರೊಟ್ಟಿಯನ್ನು ಅಕ್ಕ ತಿರುಗಿಸಿ ನೋಡಿ ತಟ್ಟೆಯ ಅಂಚಿಗೆ ಸರಿಸಿದ್ದಳು.

ಬೆಂಗಳೂರಿನ ಪ್ರಯೋಗಾಲಯದಲ್ಲಿ ನಾನು ಹನ್ನೊಂದು ವರ್ಷ ಮಿದುಳಿನ ಕೋಶಗಳ ಚಿತ್ರ ತೆಗೆದವಳು. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಜಾಗವೇ ಸಿನಾಪ್ಸ್. ಸುದ್ದಿ ಪಡೆಯುವ ಕೋಶದ ಕೊಂಬೆಯ ಮೇಲೆ ಅಲ್ಲಲ್ಲಿ ಸಣ್ಣ ಮೊಗ್ಗುಗಳಿರುತ್ತವೆ. ಮೊಗ್ಗಿಗೆ ಆಕಾರ ಕೊಡುವುದು ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು. ಸುದ್ದಿ ಮೇಲಿಂದ ಮೇಲೆ ಬಂದರೆ ಎಳೆ ಬೆಳೆದು ಮೊಗ್ಗು ದಪ್ಪವಾಗುತ್ತದೆ, ಬಾರದಿದ್ದರೆ ಸೊರಗುತ್ತದೆ. ಕಲಿಯುವುದು, ಮರೆಯುವುದು ಬಹುಪಾಲು ಇಲ್ಲೇ.

ಇಷ್ಟು ಗೊತ್ತಿದ್ದದ್ದೇ ನನಗೆ ಮುಳುವಾಯಿತು. ನಮ್ಮೂರ ಮಾತನ್ನೇ ಮತ್ತೆ ಮತ್ತೆ ಆಡಿದರೆ ಆ ಹಳೆಯ ಮೊಗ್ಗುಗಳು ಚಿಗುರುತ್ತವೆ, ಒಂದು ದಿನ ಅವಳು ‘ಸಣ್ಣಾಕಿ’ ಅಂದೇ ಅನ್ನುತ್ತಾಳೆ ಎಂದು ಲೆಕ್ಕ ಹಾಕಿದೆ. ಈ ಕಡೆಯ ಮಾತು ಅವಳ ಕಿವಿಗೆ ಬೀಳಬಾರದೆಂದು ಭಾವನಿಗೂ ಕಟ್ಟಪ್ಪಣೆ ಮಾಡಿದೆ. ಬೆಳಗಿನಿಂದ ಸಂಜೆಯವರೆಗೆ “ಅಕ್ಕಾ, ಇದು ಏನೈತಿ ಹೇಳು” ಎಂದು ಪೀಡಿಸಿದೆ. ಎರಡು ತಿಂಗಳಲ್ಲಿ ಅವಳು ನೀರು ಬೇಕೆಂದು ಕೇಳುವುದನ್ನೂ ಬಿಟ್ಟಳು.

ಭಾವ ಜಗಳದವರಲ್ಲ. ಒಂದು ದಿನ ಊಟದ ತಟ್ಟೆ ಬಿಟ್ಟು ಎದ್ದರು. “ಸಾವಿತ್ರಿ, ಅವಳಿಗೆ ಬರ್ತಿದ್ದ ನಾಲ್ಕು ಮಾತನ್ನೂ ನೀವು ಕಿತ್ಕೊಂಡ್ರಿ. ನಂಗೆ ಹೆಂಡ್ತಿ ಮಾತಾಡಿದ್ರೆ ಸಾಕಿತ್ತು. ನಿಮಗೆ ನಿಮ್ಮ ಅಕ್ಕಾನೇ ಬೇಕು.”

ಮರುದಿನ ಕಣದಲ್ಲಿ, ಅಂದರೆ ಕಾಫಿ ಒಣಗಿಸುವ ಅಂಗಳದಲ್ಲಿ, ಲೈನಿನ ಸೆಲ್ವಿ ಕಾಫಿ ಹರವುತ್ತಿದ್ದಳು. ಲೈನ್ ಎಂದರೆ ಕೆಲಸದವರ ಸಾಲುಮನೆ. ಅಕ್ಕ ತಾನಾಗಿ ಹೋಗಿ ಅವಳ ಪಕ್ಕ ನಿಂತಳು.

“ರೈಟರಮ್ಮ, ಬಿಸಿಲು ಇವತ್ತು ನಿಲ್ತದಾ?” ಎಂದಳು ಸೆಲ್ವಿ.

ಅಕ್ಕ ಆಕಾಶ ನೋಡಿದಳು. “ನಿಲ್ಲಲ್ಲ. ಬೇಗ ಒಟ್ಟುಮಾಡು. ಮೋಡ ಬಂತು, ಕಾಣಲ್ವಾ?” ಎಂದು ನಕ್ಕಳು.

ಎರಡು ತಿಂಗಳ ಮೇಲೆ ಕೇಳಿದ ಆ ದನಿಗೆ ನನಗೆ ಖುಷಿಯಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಪ್ರಯೋಗಾಲಯದಲ್ಲಿ ಆಕ್ಟಿನ್‌ಗೆ ಹೊಳೆಯುವ ಬಣ್ಣ ಹಾಕುವ ಮೊದಲು ಕೋಶವನ್ನು ರಾಸಾಯನಿಕದಲ್ಲಿ ಅದ್ದಿ ಇದ್ದ ಹಾಗೇ ಸ್ಥಿರ ಮಾಡುತ್ತಿದ್ದೆವು. ಚಿತ್ರ ಚೆನ್ನಾಗಿ ಬರುತ್ತಿತ್ತು, ಕೋಶ ಸತ್ತಿರುತ್ತಿತ್ತು. ಬದುಕಿರುವ ಕೋಶದಲ್ಲಿ ಎಳೆಯ ಒಂದು ತುದಿಗೆ ಹೊಸ ಕಣ ಸೇರುತ್ತಿರುತ್ತದೆ, ಇನ್ನೊಂದು ತುದಿಯಿಂದ ಹಳೆಯದು ಕಳಚುತ್ತಿರುತ್ತದೆ. ನಮ್ಮ ಲೈನಿನ ಹಾಗೆ: ಒಂದು ಮನೆ ಖಾಲಿ ಮಾಡಿ ಯಾರೋ ಹೋಗುತ್ತಾರೆ, ಇನ್ನೊಂದಕ್ಕೆ ಯಾರೋ ಬರುತ್ತಾರೆ, ಲೈನು ಅಲ್ಲೇ ಇರುತ್ತದೆ. ಮದುವೆಯಾಗಿ ಬಂದಾಗಿನಿಂದ ಇಪ್ಪತ್ತಾರು ವರ್ಷ ಅಕ್ಕ ಈ ಮಣ್ಣಲ್ಲಿ ಹೀಗೆ ಹೊಸದಾಗಿ ಸೇರುತ್ತ ಬಂದಿದ್ದಳು. ಜಡೆ ಹೆಣೆಯುತ್ತಿದ್ದ ಹುಡುಗಿಯನ್ನು ಸ್ಥಿರ ಮಾಡಿ ಇಟ್ಟುಕೊಂಡವಳು ನಾನು.

ಅಂದಿನಿಂದ ನಾನೇ ಕಲಿತೆ. ‘ಐತಿ’ ಬಿಟ್ಟು ‘ಇದೆ’ ಎಂದೆ, ‘ಹೌದಲ್ಲ’ ಬಿಟ್ಟು ‘ಅಲ್ವಾ’ ಎಂದೆ. ಸೆಲ್ವಿಯೇ ಗುರು. ತಪ್ಪಿದಾಗ ಅವಳು ನಗುತ್ತಾಳೆ, ಜತೆಗೆ ಅಕ್ಕನೂ.

ಹೋದ ತಿಂಗಳು ಸೋದರಮಾವನ ಮಗಳ ಮದುವೆಗೆ ಊರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ “ಚಾ ಇದ್ಯಾ?” ಎಂದೆ. ಅಂಗಡಿಯವನು ಮುಖ ನೋಡಿ, “ಯಾವೂರಿನವರ್ರೀ ನೀವು?” ಎಂದ.

ಮಾದಾಪುರಕ್ಕೆ ಮರಳಿದಾಗ ಅಕ್ಕ ಕಣದ ಕಟ್ಟೆಯ ಮೇಲೆ ಕೂತಿದ್ದಳು. ನಾನು ಹೊರಗಿಂದ ಬಂದಾಗಲೆಲ್ಲ ಯಾರೆಂದು ಕೇಳುತ್ತಿದ್ದವಳು ಮೊದಲ ಸಲ ಕೇಳಲಿಲ್ಲ. ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

“ಬಂದ್ರಾ? ಕೂತ್ಕೊಳಿ. ನಿಮ್ಮೂರಲ್ಲಿ ಎಲ್ರೂ ಚೆನ್ನಾಗಿದಾರಾ?”

ನಮ್ಮೂರು ಎಂದು ತಿದ್ದಲು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಉತ್ತರ ನಿಜವಾಗಿಯೂ ಬೇಕಾದವಳ ಹಾಗೆ.

“ಎಲ್ರೂ ಚೆನ್ನಾಗಿದಾರೆ ಅಕ್ಕ,” ಎಂದೆ, ಅವಳ ಮಾತಿನಲ್ಲೇ. “ನಿಮ್ಮನ್ನ ತುಂಬ ಕೇಳಿದ್ರು.”